ಎಷ್ಟು ವೋಲ್ಟ್ ಇತ್ತು ಸರ್?

ಕಳೆದ ಜುಲೈಯಲ್ಲಿ ಹದಿನೈದು ದಿನ ಊರಲ್ಲಿದ್ದೆ. ವರ್ಕ್ ಫ್ರಮ್ ಹೋಮ್ ಅಂತ ಹೆಸರು. ಅಂಕೋಲೆಯ ಮಳೆಗಾಲ ಗೊತ್ತಿದ್ದವರಿಗೆ ಆ ಹೆಸರಿನ ಬೆಲೆ ಎಷ್ಟು ಅಂತಲೂ ಗೊತ್ತಿರುತ್ತದೆ. ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟ್ ಇಲ್ಲ, ಎರಡೂ ಇದ್ದಾಗ ಅಟ್ಟದ ಮೇಲಿಂದ ಲ್ಯಾಪ್‌ಟಾಪ್ ಮೇಲೆ ನೀರು ಸೋರುತ್ತದೆ. ಹಾಗೊಂದು ದಿನ ಕಾರವಾರದಲ್ಲಿ ಕೆಲಸವಿತ್ತು ಅಂತ ಚಿಕ್ಕಪ್ಪನ ಮಗನ ಬೈಕು ತಗೊಂಡು ಹೊರಟೆ. ಹಿಂದೆ ಅವನೇ ಕೂತಿದ್ದ.

ಅವರ್ಸಾ, ಹಾರವಾಡ, ತೊಡೂರು, ಅಮದಳ್ಳಿ, ಎಲ್ಲಾ ಸಲೀಸಾಗಿ ದಾಟಿತು. ಬಿಣಗಾದಲ್ಲಿ ಮಳೆ ಎಷ್ಟು ಜೋರಾಯಿತು ಅಂದರೆ ಒಂದು ಅಂಗಡಿಯ ಮಾಡಿನ ಕೆಳಗೆ ನಿಲ್ಲಿಸಿ ಚಾ ಕುಡಿದೆವು. ಮಳೆ ಸಣ್ಣಗಾದ ಮೇಲೆ ಸೆಲ್ಫ್ ಒತ್ತಿದೆ. ಟಕ್ ಟಕ್ ಟಕ್. ಮೀಟರಿನ ಡಿಸ್‌ಪ್ಲೇ ಒಮ್ಮೆ ಕಪ್ಪಾಗಿ ಮತ್ತೆ ಬಂತು, ಗಡಿಯಾರ ಮೊದಲಿಂದ ಶುರುವಾಯಿತು. ಇಂಜಿನ್ ಮಾತ್ರ ಏಳಲಿಲ್ಲ. ಈಗಿನ ಎಷ್ಟೋ ಬೈಕುಗಳ ಹಾಗೆ ಇದಕ್ಕೂ ಕಿಕ್ಕರ್ ಇಲ್ಲ. ಎರಡನೇ ಗೇರಿಗೆ ಹಾಕಿ ತಳ್ಳಿದೆವು. ಏಳಲಿಲ್ಲ. ಹಳೇ ಕಾರ್ಬ್ಯುರೇಟರ್ ಬೈಕಾಗಿದ್ದರೆ ಬ್ಯಾಟರಿ ಸತ್ತಿದ್ದರೂ ತಳ್ಳಿದರೆ ಎದ್ದೇಳುತ್ತಿತ್ತು. ಫ್ಯೂಯಲ್ ಇಂಜೆಕ್ಷನ್ ಬೈಕಿನಲ್ಲಿ ಪೆಟ್ರೋಲ್ ಪಂಪಿಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಮಲಗಿದರೆ ತಳ್ಳಿದ್ದೆಲ್ಲ ಬರೀ ವ್ಯಾಯಾಮ.

ನಾಲ್ಕನೇ ಸಲ ತಳ್ಳಿ ಏದುಸಿರು ಬಿಡುತ್ತಾ ನಿಂತಾಗ ತಮ್ಮ ಹೇಳಿದ: "ಇದು ಮೂರನೇ ಬ್ಯಾಟರಿ ಅಣ್ಣ."

ಆಮೇಲೆ ಕಥೆ ಬಿಚ್ಚಿಕೊಂಡಿತು. ಬೈಕು 2020ರ ಮಾದರಿ, 150 ಸಿಸಿ. ವಾರಂಟಿ ಮುಗಿದ ಮರುವರ್ಷ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಸರ್ವಿಸ್ ಸೆಂಟರಿನವರು, ಯಾರು, ಯಾವ ಕಂಪನಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಆ ಒಂದು ಕಂಪನಿಯ ತಪ್ಪು ಅಂತ ನೀವು ತಪ್ಪಿಸಿಕೊಳ್ಳುತ್ತೀರಿ, "ಬ್ಯಾಟರಿ ಹೋಗಿದೆ" ಅಂದರು. 1,600 ರೂಪಾಯಿ. ಮೂರು ತಿಂಗಳು ಓಡಿತು. ಮತ್ತೆ ಅದೇ ರಗಳೆ. ಮತ್ತೆ ಬ್ಯಾಟರಿ. "ಬ್ಯಾಟರಿಯಲ್ಲಿ ತೊಂದರೆ ಇಲ್ಲ, ನಿಮ್ಮ ಗಾಡಿಯಲ್ಲೇ ತೊಂದರೆ" ಅಂತ ಬ್ಯಾಟರಿಯ ವಾರಂಟಿಯೂ ಸಿಗಲಿಲ್ಲ. ಮತ್ತೆ 1,600. ಮೂರನೇ ಸಲ ಹೋದಾಗ ಒಂದು ಎಸ್ಟಿಮೇಟ್ ಕೊಟ್ಟರು. ಆ ಚೀಟಿಯನ್ನು ಅವನು ಪರ್ಸಿನಲ್ಲಿ ಮಡಚಿ ಇಟ್ಟುಕೊಂಡಿದ್ದ. ಮ್ಯಾಗ್ನೆಟ್ ಕಾಯಿಲ್ 2,900. ರೆಗ್ಯುಲೇಟರ್ 1,900. ಪೂರ್ತಿ ವೈರಿಂಗ್ ಕಿಟ್ 3,600. ಕೂಲಿ 1,000. ಒಟ್ಟು 9,400 ರೂಪಾಯಿ. ಅವನು ಕಾರವಾರದ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಸಂಬಳ 14,000.

ನಾನು ಏನು ಮಾಡಿದೆ ಗೊತ್ತಾ? ಬೆಂಗಳೂರಿನವರು ಮಾಡುವುದನ್ನೇ ಮಾಡಿದೆ. ಜೇಬಿನಿಂದ ಫೋನ್ ತೆಗೆದು, "ಅಷ್ಟೇ ಅಲ್ವಾ, ನಾನು ಕಳಿಸ್ತೇನೆ, ಎಲ್ಲಾ ಹಾಕಿಸಿಬಿಡು" ಅಂದೆ.

ಅವನು ನನ್ನ ಮುಖ ನೋಡಿದ. "ಹಣ ಬೇಡ. ಎಂತಾ ಹಾಳಾಗಿದೆ ಹೇಳು ಸಾಕು. ನೀನು ಇಂಜಿನಿಯರ್ ಅಲ್ವನಾ?"

ಆ ಮಾಡಿನ ಕೆಳಗೆ ನಿಂತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಆ ಮೌನದ ಬಗ್ಗೆ. ನನ್ನದೊಂದೇ ಅಲ್ಲ, ನಿಮ್ಮದೂ.

ನಾವು ಎಂಥ ಜನ ನೋಡಿ. ಆಫೀಸಿನಲ್ಲಿ ಒಂದು ಸರ್ವರ್ ಬಿದ್ದರೆ ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಕೂರುತ್ತೇವೆ. ಲಾಗ್ ಎಲ್ಲಿ, ಯಾವಾಗ ಶುರುವಾಯಿತು, ಕೊನೆಗೆ ಬದಲಾಯಿಸಿದ್ದು ಏನು, ಇದು ಲಕ್ಷಣವೋ ಕಾರಣವೋ ಅಂತ ಜೂನಿಯರ್ ಹುಡುಗರ ಜೀವ ಹಿಂಡುತ್ತೇವೆ. ಯಾರಾದರೂ "ಗೊತ್ತಾಗ್ತಿಲ್ಲ ಸರ್, ಎಲ್ಲಾ ಸರ್ವರ್ ಹೊಸದು ತಗೊಂಡುಬಿಡೋಣ" ಅಂದರೆ ಅವನ ಮುಂದಿನ ಅಪ್ರೈಸಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಅದೇ ನಾವು ಶನಿವಾರ ಬೈಕು ಸರ್ವಿಸಿಗೆ ಬಿಟ್ಟು, ಸಂಜೆ ಫೋನ್ ಬಂದಾಗ, "ವೈರಿಂಗ್ ಕಿಟ್ ಚೇಂಜ್ ಮಾಡ್ಬೇಕು ಸರ್" ಅಂದ ಕೂಡಲೇ ಹೇಳುವುದು ಒಂದೇ ಮಾತು: "ಓಕೆ, ಮಾಡಿ."

ಮೂರು ವರ್ಷದ ಹಿಂದೆ ನಾನೂ ಹಾಗೇ "ಓಕೆ" ಅಂದು ಬೆಂಗಳೂರಿನಲ್ಲಿ 11,000 ರೂಪಾಯಿ ಕಟ್ಟಿದ್ದೇನೆ. ತೆಗೆದ ಹಳೇ ವೈರಿಂಗ್ ಎಲ್ಲಿ ಅಂತ ಕೇಳಲಿಲ್ಲ. ಅದರಲ್ಲಿ ಯಾವ ವೈರು ತುಂಡಾಗಿತ್ತು ಅಂತ ಕೇಳಲಿಲ್ಲ. ಕೇಳಿದರೆ ಜುಗ್ಗ ಅಂದುಕೊಳ್ಳುತ್ತಾರೆ ಅನ್ನುವ ಭಯ ಒಂದು. ಹಳ್ಳಿಯಿಂದ ಬಂದವನು, ಕೈಗೆ ಗ್ರೀಸ್ ಮಾಡಿಕೊಳ್ಳುವುದು ಬಿಟ್ಟು ಇಲ್ಲಿಯವರೆಗೆ ಬಂದೆನಲ್ಲ ಅನ್ನುವ ಜಂಬ ಇನ್ನೊಂದು.

ನಾನು ಓದಿದ್ದು ಬಿಇ. ವಿಟಿಯು. ನಮ್ಮ ಕಾಲಕ್ಕೆ ಯಾವ ಬ್ರಾಂಚಾದರೂ ಮೊದಲ ವರ್ಷ ಬೇಸಿಕ್ ಎಲೆಕ್ಟ್ರಿಕಲ್ ಕಡ್ಡಾಯವಾಗಿತ್ತು. ಕಿರ್ಚಾಫ್ ನಿಯಮ ಬರೆದಿದ್ದೇನೆ, ಲೂಪ್ ಹಾಕಿ ಲೆಕ್ಕ ಬಿಡಿಸಿದ್ದೇನೆ, ಅಂಕವೂ ತಗೊಂಡಿದ್ದೇನೆ. ಒಂದು ಸರ್ಕ್ಯೂಟಿನಲ್ಲಿ ಎಲ್ಲಾ ವೋಲ್ಟೇಜುಗಳ ಲೆಕ್ಕ ಸರಿಹೋಗಲೇಬೇಕು, ಎಲ್ಲೋ ಕಡಿಮೆಯಾದರೆ ಇನ್ನೆಲ್ಲೋ ಅದು ಖರ್ಚಾಗಿರಲೇಬೇಕು, ಇದೇ ಆ ನಿಯಮದ ತಿರುಳು. ಆದರೆ ಬಿಣಗಾದಲ್ಲಿ ಮಳೆಗೆ ನಿಂತಾಗ ಆ ನಿಯಮ ನನ್ನ ತಲೆಗೆ ಬರಲಿಲ್ಲ. ಬಂದಿದ್ದು ಫೋನ್‌ಪೇ.

ಬೈಕನ್ನು ಟೆಂಪೋದಲ್ಲಿ ಹಾಕಿ ಅಂಕೋಲೆಗೆ ತಂದೆವು. ಅಲ್ಲೊಬ್ಬರು ಹಳೇ ಆಟೋ ಎಲೆಕ್ಟ್ರೀಷಿಯನ್ ಇದ್ದಾರೆ. ಅರವತ್ತು ದಾಟಿದವರು. ಬೋರ್ಡೂ ಇಲ್ಲದ ಅಂಗಡಿ. ಟೇಬಲ್ ಮೇಲೆ ಒಂದು ಮಲ್ಟಿಮೀಟರ್, ಒಂದು ಸೋಲ್ಡರಿಂಗ್ ಐರನ್, ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿ ಮಾಡಿಕೊಂಡ ಟೆಸ್ಟ್ ಲ್ಯಾಂಪ್. ಇಷ್ಟೇ ಅವರ ಲ್ಯಾಬು.

ಅವರು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮವೇ ಮುಖ್ಯ.

ಮೊದಲು ಬ್ಯಾಟರಿಗೆ ಮೀಟರ್ ಇಟ್ಟರು. 11.6 ವೋಲ್ಟ್. ತುಂಬಿದ ಬ್ಯಾಟರಿ ಸುಮ್ಮನೆ ಕೂತಾಗ 12.6ರಿಂದ 12.8 ತೋರಿಸಬೇಕು. 12ಕ್ಕಿಂತ ಕೆಳಗೆ ಅಂದರೆ ಹೊಟ್ಟೆ ಖಾಲಿ. "ಇದು ಸತ್ತದ್ದಲ್ಲ, ಉಪವಾಸ ಬಿದ್ದದ್ದು" ಅಂದರು. ಚಾರ್ಜಿಗೆ ಇಟ್ಟು ಸಂಜೆ ಬರಲು ಹೇಳಿದರು.

ಸಂಜೆ ಬ್ಯಾಟರಿ 12.7 ತೋರಿಸಿತು. ಸೆಲ್ಫ್ ಒತ್ತಿದರೆ ಒಂದೇ ಏಟಿಗೆ ಇಂಜಿನ್ ಎದ್ದಿತು. ಹಾಗಾದರೆ ಬ್ಯಾಟರಿ ಸರಿ ಇದೆ, ಸ್ಟಾರ್ಟರ್ ಸರಿ ಇದೆ. ಇಂಜಿನ್ ಓಡುತ್ತಿರುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಮತ್ತೆ ಬ್ಯಾಟರಿಗೆ ಮೀಟರ್ ಇಟ್ಟರು. 12.6. ಇಲ್ಲಿ 13.5ರಿಂದ 14.5ರ ಒಳಗೆ ಏನಾದರೂ ಬರಬೇಕಿತ್ತು. ಬ್ಯಾಟರಿ ತುಂಬಬೇಕಾದರೆ ಅದಕ್ಕಿಂತ ಎತ್ತರದಿಂದ ಸುರಿಯಬೇಕು. ಸಮ ಎತ್ತರದಲ್ಲಿ ಹಿಡಿದರೆ ಕೊಡದಿಂದ ಕೊಡಕ್ಕೆ ನೀರು ಹೋಗುವುದಿಲ್ಲ.

ಮೂರನೇ ಅಳತೆ. ರೆಗ್ಯುಲೇಟರಿನಿಂದ ಹೊರಬರುವ ಕೆಂಪು ವೈರಿಗೆ, ಕನೆಕ್ಟರಿನ ಹಿಂದಿನಿಂದ ಸೂಜಿಯ ಹಾಗೆ ಮೀಟರಿನ ಮುಳ್ಳು ತೂರಿಸಿದರು. 14.2.

ಅಷ್ಟೇ. ಮುಗಿಯಿತು. ರೆಗ್ಯುಲೇಟರ್ 14.2 ಕೊಡುತ್ತಿದೆ ಅಂದರೆ 1,900 ರೂಪಾಯಿಯ ರೆಗ್ಯುಲೇಟರ್ ಸರಿ ಇದೆ. ಅದಕ್ಕೆ ಕರೆಂಟ್ ಕೊಡುವ 2,900ರ ಕಾಯಿಲೂ ಸರಿ ಇದೆ. ನನ್ನ ಸಮಾಧಾನಕ್ಕೆ ಕಾಯಿಲಿನ ಮೂರು ಹಳದಿ ವೈರುಗಳನ್ನು ಜೋಡಿ ಜೋಡಿಯಾಗಿ ಅಳೆದು ತೋರಿಸಿದರು, ಮೂರೂ ಜೋಡಿ ಒಂದೇ ಸಮ. ಅಲ್ಲಿಂದ ಬ್ಯಾಟರಿಗೆ ಬರುವಷ್ಟರಲ್ಲಿ ದಾರಿಯಲ್ಲಿ 1.6 ವೋಲ್ಟ್ ಯಾರೋ ತಿಂದಿದ್ದಾರೆ. ಕಿರ್ಚಾಫ್! ತಿಂದವನು ಆ ಒಂದೂವರೆ ಮೊಳ ವೈರಿನಲ್ಲೇ ಎಲ್ಲೋ ಕೂತಿರಲೇಬೇಕು.

ಕನೆಕ್ಟರ್ ಬಿಚ್ಚಿದರು. ಒಳಗೆ ಹಸಿರು ಪುಡಿ. ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದಾಗಿ ಕರಗಿತ್ತು. ಆ ಎರಡೂ ಕಡೆಯ ತುದಿ ಕತ್ತರಿಸಿ, ಹೊಸ ಟರ್ಮಿನಲ್ ಒತ್ತಿ, ಬೆಸುಗೆ ಹಾಕಿ, ಮೇಲೆ ರಬ್ಬರ್ ತೋಳು ತೊಡಿಸಿ, ಜೋಡಿಸುವ ಮುಂಚೆ ಚೂರು ಪೆಟ್ರೋಲಿಯಂ ಜೆಲ್ಲಿ ಸವರಿದರು. ಇಂಜಿನ್ ಶುರು ಮಾಡಿ ಬ್ಯಾಟರಿಗೆ ಮೀಟರ್. 14.1.

"ಎಷ್ಟಾಯ್ತು?" ಅಂದೆ. "ನೂರೈವತ್ತು ಕೊಡಿ" ಅಂದರು.

9,400 ಎಲ್ಲಿ, 150 ಎಲ್ಲಿ. ಆದರೆ ನನ್ನ ಜಗಳ ದುಡ್ಡಿನ ವ್ಯತ್ಯಾಸದ ಬಗ್ಗೆ ಅಲ್ಲ. ಒಬ್ಬ ವೈದ್ಯ ಜ್ವರ ನೋಡದೆ, ನಾಡಿ ಹಿಡಿಯದೆ, "ಲಿವರ್ರು, ಕಿಡ್ನಿ, ಹೃದಯ ಮೂರೂ ಬದಲಾಯಿಸೋಣ, ಯಾವುದೋ ಒಂದರಲ್ಲಿ ಗುಣವಾಗುತ್ತೆ" ಅಂದರೆ ಅವನನ್ನು ವೈದ್ಯ ಅನ್ನುತ್ತೀರಾ? ನಮ್ಮ ಬೈಕಿನ ವಿಷಯದಲ್ಲಿ ನಡೆಯುತ್ತಿರುವುದು ಇದೇ. ಬದಲಾಯಿಸುವುದು ರಿಪೇರಿಯಲ್ಲ. ಹುಡುಕುವುದು ರಿಪೇರಿ. ಹುಡುಕಿ ಸಿಕ್ಕ ಮೇಲೆ ಬದಲಾಯಿಸುವುದು ಬರೀ ಸ್ಪ್ಯಾನರ್ ಕೆಲಸ.

ಆ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ, ರೋಮಾಂಚನವಾಗುತ್ತದೆ. ಹೆಡ್‌ಲೈಟ್ 35 ವ್ಯಾಟ್, ಅಂದರೆ 12 ವೋಲ್ಟಿಗೆ ಸುಮಾರು 3 ಆಂಪಿಯರ್. ಪೆಟ್ರೋಲ್ ಪಂಪು, ಇಗ್ನಿಷನ್, ಹಿಂದಿನ ದೀಪ, ಮೀಟರು ಎಲ್ಲಾ ಸೇರಿಸಿ 8 ಆಂಪಿಯರ್ ಅಂದುಕೊಳ್ಳಿ. 8 ಆಂಪಿಯರ್ ಹರಿಯುವಾಗ 1.6 ವೋಲ್ಟ್ ತಿನ್ನಬೇಕಾದರೆ ಆ ಹಸಿರು ಪುಡಿಯ ರೋಧ ಎಷ್ಟು? 0.2 ಓಮ್. ಇಷ್ಟೇ ಇಷ್ಟು. ಹುಟ್ಟುವ ಶಾಖ? 1.6 ಗುಣಿಸು 8, ಸುಮಾರು 13 ವ್ಯಾಟ್. ಒಂದು 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ಅರ್ಧ ಶಾಖ, ಹುಣಸೆ ಬೀಜದಷ್ಟು ಜಾಗದಲ್ಲಿ. ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತದೆ?

ಸರ್ವಿಸ್ ಸೆಂಟರಿನ ಹುಡುಗ ವೈರು ಚೆಕ್ ಮಾಡಿರಲಿಲ್ಲ ಅಂತಲೂ ಅಲ್ಲ. "ಕಂಟಿನ್ಯುಟಿ ನೋಡಿದ್ರು, ಬೀಪ್ ಬಂತು" ಅಂತ ತಮ್ಮ ಹೇಳಿದ. ಬೀಪ್ ಬಂದೇ ಬರುತ್ತದೆ! ಬೀಪ್ ಪರೀಕ್ಷೆಯಲ್ಲಿ ಮೀಟರು ಕಳಿಸುವುದು ತೀರಾ ಸಣ್ಣ ಕರೆಂಟ್. 0.2 ಓಮ್ ಅದರ ಲೆಕ್ಕಕ್ಕೇ ಸಿಗುವುದಿಲ್ಲ, ಅಗ್ಗದ ಮೀಟರಿನ ಸ್ವಂತ ವೈರಿನಲ್ಲೇ ಅಷ್ಟು ರೋಧ ಇರುತ್ತದೆ. ತುಕ್ಕು ಹಿಡಿದು ಒಂದೇ ಎಳೆಯಲ್ಲಿ ನೇತಾಡುವ ವೈರಿಗೂ ಬೀಪ್ ಬರುತ್ತದೆ. ದೋಷ ಬಯಲಾಗುವುದು ಭಾರ ಹೊತ್ತಾಗ ಮಾತ್ರ. ಅದಕ್ಕೇ ಆ ಹಿರಿಯರು ಇಂಜಿನ್ ಓಡಿಸಿ, ದೀಪ ಉರಿಸಿ ಅಳೆದಿದ್ದು. ಟೆಸ್ಟಿಂಗ್‌ನಲ್ಲಿ ಪಾಸಾಗಿ ಪ್ರೊಡಕ್ಷನ್‌ನಲ್ಲಿ ಬೀಳುವ ಕೋಡು ಬರೆದು ಗೊತ್ತಿರುವ ನಮಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಾ?

ಹಾಗಾದರೆ ಹೊಸ ಬ್ಯಾಟರಿ ಹಾಕಿದಾಗಲೆಲ್ಲ ಮೂರು ತಿಂಗಳು ಓಡಿದ್ದು ಯಾಕೆ? ಹೊಸ ಬ್ಯಾಟರಿ ತುಂಬಿಕೊಂಡೇ ಬರುತ್ತದೆ. ಪ್ರತಿ ಸ್ಟಾರ್ಟಿಗೆ ಒಂದಿಷ್ಟು ಖರ್ಚು, ವಾಪಸ್ ಜಮೆ ಏನೂ ಇಲ್ಲ. ಸಂಬಳ ನಿಂತ ಮನೆ ಎಫ್‌ಡಿ ಮುರಿದು ತಿಂದ ಹಾಗೆ. ಎಫ್‌ಡಿ ಇರುವಷ್ಟು ದಿನ ಎಲ್ಲಾ ಸರಿ ಇದ್ದಂತೆಯೇ ಕಾಣುತ್ತದೆ. ಬದಲಾಯಿಸುವ ರಿಪೇರಿಯ ದೊಡ್ಡ ಮೋಸ ಇದು. ಸ್ವಲ್ಪ ದಿನ ಸರಿಹೋಗಿ, ಸರಿಹೋಯಿತು ಅಂತ ನಂಬಿಸುತ್ತದೆ.

ಇನ್ನು ಆ ಹಸಿರು ಪುಡಿ ಎಲ್ಲಿಂದ ಬಂತು? ನಮ್ಮೂರಿನ ಗಾಳಿಯಿಂದ. 1930ರಲ್ಲಿ ಅಂಕೋಲೆಯ ಜನ ಬ್ರಿಟಿಷರ ಕಾನೂನು ಮುರಿದು ಉಪ್ಪು ಮಾಡಿದರು. ಈಗ ಯಾರೂ ಮಾಡಬೇಕಿಲ್ಲ, ಸಮುದ್ರದ ಗಾಳಿ ತಾನೇ ತಂದು ಪ್ರತಿ ಕನೆಕ್ಟರಿನೊಳಗೆ ಇಟ್ಟು ಹೋಗುತ್ತದೆ. ಮಳೆಗಾಲದ ತೇವ, ಉಪ್ಪು, ತಾಮ್ರ ಮೂರು ಸೇರಿದರೆ ಹಸಿರು ತುಕ್ಕು ಖಾತ್ರಿ. ಕಾರವಾರದಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರು ಸಾವಿರ ಮಿಲಿಮೀಟರಿನ ಆಚೀಚೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಅದು ಸಾಲದು ಅಂತ ಹದಿನೈದು ದಿನಕ್ಕೊಮ್ಮೆ ಪ್ರೆಶರ್ ವಾಷರ್ ಹಿಡಿದು ಸೀಟಿನಡಿ, ಟ್ಯಾಂಕಿನಡಿ ನೀರು ನುಗ್ಗಿಸುತ್ತೇವೆ. ಕರಾವಳಿಯಲ್ಲಿ ಎಲೆಕ್ಟ್ರಿಕಲ್ ತೊಂದರೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಜೋಡಣೆಯ ಜಾಗಗಳನ್ನು: ಕನೆಕ್ಟರ್, ಅರ್ತ್ ವೈರಿನ ಬೋಲ್ಟು, ಫ್ಯೂಸಿನ ಕಾಲು, ಹ್ಯಾಂಡಲ್ ತಿರುಗುವಲ್ಲಿ ವೈರು ಉಜ್ಜುವ ಜಾಗ. ಯಂತ್ರದ ಭಾಗಗಳು ಸಾಯುವುದಕ್ಕಿಂತ ಮೊದಲು ಅವುಗಳ ನಡುವಿನ ಸಂಬಂಧ ಕೆಡುತ್ತದೆ. ಆದರೆ ಸಂಬಂಧ ಸರಿಮಾಡುವುದಕ್ಕೆ ಪಾರ್ಟ್ ನಂಬರ್ ಇಲ್ಲ, ಹಾಗಾಗಿ ಬಿಲ್ಲೂ ಇಲ್ಲ.

ಇಲ್ಲಿಗೆ ಬಂತು ನೋಡಿ ವಿಷಯ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಸರ್ವಿಸ್ ಬಿಲ್ ತೆಗೆದು ನೋಡಿ. ಪಾರ್ಟ್ಸ್ ಅಂತ ಸಾಲುಗಳಿವೆ. ಲೇಬರ್ ಅಂತ ಒಂದು ಸಾಲಿದೆ. ಕಾರಣ ಹುಡುಕಿದ್ದಕ್ಕೆ ಅಂತ ಸಾಲು ಎಲ್ಲಾದರೂ ಇದೆಯಾ? ಆ ನೀಲಿ ಅಂಗಿಯ ಹುಡುಗನಿಗೆ ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಅಂತ ಲೆಕ್ಕ. ಅರ್ಧ ಗಂಟೆ ಕೂತು ಕನೆಕ್ಟರ್ ಹುಡುಕಿದರೆ ಅವನ ಖಾತೆಗೆ ಸೊನ್ನೆ. ಕಿಟ್ ಬದಲಾಯಿಸಿದರೆ ಅವನಿಗೂ ಕೆಲಸ, ಮಾಲೀಕನಿಗೂ ಲಾಭ, ಕಂಪನಿಗೂ ಲಾಭ. ಅವನು ಕಳ್ಳನಲ್ಲ. ಹುಡುಕುವವನಿಗೆ ಸಂಬಳ ಕೊಡದ ವ್ಯವಸ್ಥೆಯಲ್ಲಿ ಯಾರೂ ಹುಡುಕುವುದಿಲ್ಲ, ಅಷ್ಟೇ. ಆ ವ್ಯವಸ್ಥೆಗೆ ದುಡ್ಡು ಹಾಕುತ್ತಿರುವವರು ನಾವು. ನಾವು "ಓಕೆ, ಮಾಡಿ" ಅಂದಿದ್ದೇ ರೂಢಿಯಾಗಿ, ಅದೇ ರೂಢಿ ಅಂಕೋಲೆಯವರೆಗೆ ಬಂದು, 14,000 ಸಂಬಳದವನ ಕೈಗೆ 9,400ರ ಚೀಟಿ ಕೊಡುತ್ತದೆ. ನಮಗೆ ಅದು ಒಂದು ವಾರಾಂತ್ಯದ ಖರ್ಚು. ಅವನಿಗೆ ಬೈಕು ಮಾರುವ ಯೋಚನೆ. ಕೊನೆಯ ಬಸ್ಸು ತಪ್ಪಿದ ಮೇಲೆ ಅಂಗಡಿ ಬಾಗಿಲು ಹಾಕಿ ಮನೆಗೆ ಬರುವವನಿಗೆ ಬೈಕು ಶೋಕಿಯಲ್ಲ. 2024ರ ಜುಲೈ 16ರಂದು ಅಂಕೋಲೆಯಾಚೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದ ಮೇಲೆ, ಮಳೆಗಾಲದ ರಾತ್ರಿ ಆ 66ನೇ ಹೆದ್ದಾರಿಯ ಬದಿಗೆ ದೀಪವಿಲ್ಲದೆ ನಿಲ್ಲುವುದು ಅಂದರೆ ಏನು ಅಂತ ನಮ್ಮ ಕಡೆಯವರನ್ನು ಕೇಳಿ.

"ಅಲ್ಲಾ ಮಾರಾಯಾ, ಈಗಿನ ಬೈಕು ಕಂಪ್ಯೂಟರ್ ಇದ್ದಂಗೆ, ಕಂಡಕಂಡವರು ಕೈ ಹಾಕೋಕಾಗತ್ತಾ?" ಅಂತ ನೀವು ಕೇಳಬಹುದು. ಅರ್ಧ ಒಪ್ಪುತ್ತೇನೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಸೆನ್ಸರುಗಳು ಹೆಚ್ಚಾದವು, ಇಸಿಯು ಬಂತು. ಎಬಿಎಸ್ ಘಟಕಕ್ಕೋ, ಒತ್ತಡದಲ್ಲಿರುವ ಪೆಟ್ರೋಲ್ ಪೈಪಿಗೋ ಯೂಟ್ಯೂಬ್ ನೋಡಿಕೊಂಡು ಕೈ ಹಾಕಬೇಡಿ. ಹಾಕಿದರೆ ಹುಡುಕುವ ಗೋಜಿಲ್ಲ, ನಿಮ್ಮನ್ನೇ ಹುಡುಕಬೇಕಾಗುತ್ತದೆ. ಆದರೆ ಇಸಿಯು ಬಂತು ಅಂತ ಓಮ್ ನಿಯಮ ರಜೆ ಹಾಕಿ ಹೋಗಿಲ್ಲ. ಬ್ಯಾಟರಿ, ಫ್ಯೂಸು, ಅರ್ತು, ಕನೆಕ್ಟರು ಅಂದಿನ ಹಾಗೇ ಇವೆ. ಇನ್ನೂ ಹೇಳಬೇಕೆಂದರೆ ಈಗ ಅವುಗಳ ಹೊಣೆ ಹೆಚ್ಚು. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲಿನಲ್ಲೂ ಉರಿಯುತ್ತಲೇ ಇರಬೇಕು ಅಂತ ನಿಯಮವಿದೆ, ಸ್ವಿಚ್ಚೇ ಇಲ್ಲ. ಕರೆಂಟಿನ ಖರ್ಚು ನಿರಂತರ.

ಸ್ಕ್ಯಾನರ್ ಹಾಕಿದರೆ ಬರುವ ಕೋಡನ್ನೇ ತೀರ್ಪು ಅಂದುಕೊಳ್ಳುವುದು ಇನ್ನೊಂದು ಮೂಢನಂಬಿಕೆ. "ಇಂತಿಂಥ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಕಡಿಮೆ" ಅಂತ ಕೋಡು ಹೇಳುತ್ತದೆ. ಗಮನಿಸಿ, ಸೆನ್ಸರ್ ಕೆಟ್ಟಿದೆ ಅನ್ನುವುದಿಲ್ಲ, ಸರ್ಕ್ಯೂಟಿನಲ್ಲಿ ಅನ್ನುತ್ತದೆ. ಸರ್ಕ್ಯೂಟಿನಲ್ಲಿ ಸೆನ್ಸರೂ ಇದೆ, ಎರಡು ಕನೆಕ್ಟರೂ ಇವೆ, ವೈರೂ ಇದೆ, ಅರ್ತೂ ಇದೆ. ಬದಲಾಯಿಸುವುದು ಮಾತ್ರ ಸೆನ್ಸರನ್ನು. ಎರರ್ ಮೆಸೇಜಿನಲ್ಲಿ ಹೆಸರು ಬಂದ ಫೈಲನ್ನೇ ಡಿಲೀಟ್ ಮಾಡುವ ಪ್ರೋಗ್ರಾಮರನ್ನು ನೀವು ಕೆಲಸಕ್ಕೆ ಇಟ್ಟುಕೊಳ್ಳುತ್ತೀರಾ?

ಇನ್ನೊಂದು ವಾದ: "ಅದಕ್ಕೆಲ್ಲ ವೈರಿಂಗ್ ಡಯಾಗ್ರಾಮ್ ಬೇಕಲ್ವಾ?" ಬೇಕು. ಎಲ್ಲಿದೆ? ನನ್ನ ಮಾವನ ಹತ್ತಿರ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇತ್ತು. ಅದರ ಜೊತೆ ಬಂದ ಪುಸ್ತಕದ ಕೊನೆಯಲ್ಲಿ ವೈರಿಂಗ್ ಚಿತ್ರವಿತ್ತು, ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ ಅಂತ. ಹೈಸ್ಕೂಲಿನಲ್ಲಿದ್ದಾಗ ಆ ಚಿತ್ರದ ಮೇಲೆ ಬೆರಳಾಡಿಸಿ ಹಾರ್ನಿನ ದಾರಿ ಹುಡುಕಿದ್ದು ನನಗೆ ನೆನಪಿದೆ. ತಮ್ಮನ ಬೈಕಿನ ಪುಸ್ತಕ ತೆಗೆದು ನೋಡಿದೆ. ಹೆಲ್ಮೆಟ್ ಹಾಕಿ, ಮದ್ಯಪಾನ ಮಾಡಿ ಓಡಿಸಬೇಡಿ, ಅಧಿಕೃತ ಕೇಂದ್ರವನ್ನು ಸಂಪರ್ಕಿಸಿ. ಫ್ಯೂಸು ಎಲ್ಲಿದೆ ಅಂತ ಒಂದು ಚಿತ್ರ. ವೈರಿಂಗ್? ಇಲ್ಲ. ಲಕ್ಷಕ್ಕೂ ಮೇಲೆ ಕೊಟ್ಟು ಕೊಂಡ ವಸ್ತುವಿನ ನಕ್ಷೆ ಕೊಂಡವನಿಗೆ ಕೊಡುವುದಿಲ್ಲ ಅಂದರೆ ಅದನ್ನು ಮಾರಾಟ ಅನ್ನಬೇಕೋ ಬಾಡಿಗೆ ಅನ್ನಬೇಕೋ?

ಇದು ನನ್ನೊಬ್ಬನ ಗೊಣಗಾಟ ಅಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಮಾತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಗೃಹಬಳಕೆಯ ವಸ್ತುಗಳ ಜೊತೆ ವಾಹನಗಳೂ ಅದರ ಪಟ್ಟಿಯಲ್ಲಿದ್ದವು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಶುರುವಾಯಿತು. ಅಂದರೆ ಕಾರಿನ ವಿಷಯದಲ್ಲಿ ಸರಕಾರಕ್ಕೆ, ಆಯೋಗಕ್ಕೆ ಅರ್ಥವಾದದ್ದು ಬೈಕಿನ ವಿಷಯದಲ್ಲಿ ನಮಗೆ ಅರ್ಥವಾಗಿಲ್ಲ. ಹಕ್ಕು ಬೇಕು ಅಂತ ಕೇಳಬೇಕಾದವರು ಬಿಲ್ ಕಟ್ಟಿ ರೀಲ್ಸ್ ನೋಡುತ್ತಿದ್ದೇವೆ.

ಎಲ್ಲರೂ ಮೆಕ್ಯಾನಿಕ್ ಆಗಿ ಅಂತ ನಾನು ಹೇಳುತ್ತಿಲ್ಲ. ನನಗೆ ಈಗಲೂ ಸರಿಯಾಗಿ ಬೆಸುಗೆ ಹಾಕಲು ಬರುವುದಿಲ್ಲ. ನಾಲ್ಕೇ ನಾಲ್ಕು ಕೆಲಸ ಮಾಡಿ.

ಒಂದು, ಐದುನೂರು ರೂಪಾಯಿಯೊಳಗೆ ಸಿಗುವ ಮಲ್ಟಿಮೀಟರ್ ಇಟ್ಟುಕೊಳ್ಳಿ. ಗಾಡಿ ನಿಂತಾಗ ಬ್ಯಾಟರಿ ಎಷ್ಟು, ಓಡುವಾಗ ಎಷ್ಟು, ಈ ಎರಡು ಸಂಖ್ಯೆ ಬರೆದಿಡಿ. ನಿಂತಾಗ 12.6ರ ಮೇಲೆ, ಓಡುವಾಗ 13.5ರಿಂದ 14.5. ಓಡುವಾಗ 15 ದಾಟಿದರೆ ರೆಗ್ಯುಲೇಟರಿನ ಮೇಲೆ ಅನುಮಾನ ಪಡಿ, 13 ಮುಟ್ಟದಿದ್ದರೆ ಚಾರ್ಜಿಂಗ್ ದಾರಿ ಹುಡುಕಿ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಖಾಲಿಯಾದರೆ, ನೀವು ಹೊಸದಾಗಿ ಹಾಕಿಸಿದ ಫೋನ್ ಚಾರ್ಜರನ್ನೂ ಎಲ್‌ಇಡಿ ಪಟ್ಟಿಯನ್ನೂ ಮೊದಲು ಬಿಚ್ಚಿ. ಸುಟ್ಟ ಫ್ಯೂಸಿನ ಜಾಗಕ್ಕೆ ದೊಡ್ಡ ಫ್ಯೂಸೋ ತಾಮ್ರದ ತಂತಿಯೋ ಯಾವತ್ತೂ ಹಾಕಬೇಡಿ. ಫ್ಯೂಸು ಸುಟ್ಟಿದ್ದು ವೈರು ಸುಡದಿರಲಿ ಅಂತ.

ಎರಡು, ಬದಲಾಯಿಸಿದ ಹಳೇ ಭಾಗ ವಾಪಸ್ ಕೇಳಿ. ನಾಚಿಕೆ ಬೇಡ, ಅದು ನಿಮ್ಮದೇ.

ಮೂರು, ಕಾರಣ ಹುಡುಕಿದ್ದಕ್ಕೆ ದುಡ್ಡು ಕೊಡಿ. "ಪಾರ್ಟ್ ಹಾಕಬೇಡಿ, ಏನಾಗಿದೆ ಅಂತ ಅಳೆದು ಬರೆದುಕೊಡಿ, ಅದಕ್ಕೆ ಐದುನೂರು ಕೊಡ್ತೇನೆ" ಅಂತ ಹೇಳಿ ನೋಡಿ. ಅಂಕೋಲೆಯ ಆ ಹಿರಿಯರು ನೂರೈವತ್ತು ಕೇಳಿದ್ದು ಎರಡು ಟರ್ಮಿನಲ್ಲಿಗೆ, ಬೆಸುಗೆಗೆ. ತಮ್ಮ ತಲೆಗೆ ಅವರು ಏನೂ ಹಾಕಿಕೊಂಡಿರಲಿಲ್ಲ. ನಾನು ಐದುನೂರು ಕೊಟ್ಟರೆ ಚಿಲ್ಲರೆ ಹುಡುಕತೊಡಗಿದರು. "ಇದು ಹುಡುಕಿದ್ದಕ್ಕೆ" ಅಂದೆ. ಹಾಗೆ ಯಾರೂ ಅವರಿಗೆ ಹೇಳಿರಲಿಲ್ಲ ಅನ್ನಿಸುತ್ತದೆ, ಸ್ವಲ್ಪ ಹೊತ್ತು ನೋಟು ಹಿಡಿದೇ ನಿಂತಿದ್ದರು. ಅವರ ನಂತರ ಆ ಅಂಗಡಿ ನಡೆಸುವವರು ಯಾರೂ ಇಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ. ಸಾಫ್ಟ್‌ವೇರ್.

ನಾಲ್ಕು, ಬೈಕು ಕೊಳ್ಳುವಾಗ ಬಣ್ಣ, ಮೈಲೇಜು, ಬ್ಲೂಟೂತ್ ಎಲ್ಲಾ ಕೇಳುತ್ತೀರಲ್ಲ, ವೈರಿಂಗ್ ಡಯಾಗ್ರಾಮ್ ಕೊಡ್ತೀರಾ ಅಂತಲೂ ಕೇಳಿ. ಒಬ್ಬ ಕೇಳಿದರೆ ಸೇಲ್ಸ್‌ನವನು ನಗುತ್ತಾನೆ. ಸಾವಿರ ಜನ ಕೇಳಿದರೆ ಮೇಲಕ್ಕೆ ಮೇಲ್ ಹೋಗುತ್ತದೆ.

ಊರಿಂದ ಹೊರಡುವ ಹಿಂದಿನ ದಿನ ನನ್ನ ಹೊಸ ಮಲ್ಟಿಮೀಟರನ್ನು ತಮ್ಮನಿಗೆ ಕೊಟ್ಟೆ. ಕಳೆದ ವಾರ ಅವನದೊಂದು ವಾಟ್ಸಾಪ್ ಬಂತು. ಪಕ್ಕದ ಮನೆಯವರ ಸ್ಕೂಟರಿನ ಹಾರ್ನ್ ಹೋಗಿತ್ತಂತೆ. ಹೊಸ ಹಾರ್ನ್ ತರಲು ಹೊರಟವರನ್ನು ನಿಲ್ಲಿಸಿ, ಮೀಟರ್ ಇಟ್ಟು ನೋಡಿದನಂತೆ. ಹಾರ್ನಿನವರೆಗೆ ಕರೆಂಟ್ ಬರುತ್ತಿತ್ತು, ಅರ್ತ್ ಬೋಲ್ಟಿಗೆ ತುಕ್ಕು ಹಿಡಿದಿತ್ತು. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ, ಕೂಗಿತು. ಖರ್ಚು ಸೊನ್ನೆ. ಕೆಳಗೆ ಒಂದು ಸಾಲು ಬರೆದಿದ್ದ: "ಎಂತಾ ಹಾಳಾಗಿದೆ ಅಂತ ನಾನೇ ಹೇಳಿದೆ."

ಬಿಣಗಾದಲ್ಲಿ ನನ್ನಿಂದ ಹೇಳಲಾಗದ್ದು ಅದೇ ವಾಕ್ಯ.

ಮುಂದಿನ ಶನಿವಾರ ಸರ್ವಿಸ್ ಸೆಂಟರಿನಿಂದ ನಿಮಗೆ ಫೋನ್ ಬರುತ್ತದೆ. "ಕಿಟ್ ಚೇಂಜ್ ಮಾಡ್ಬೇಕು ಸರ್." "ಓಕೆ, ಮಾಡಿ" ಅನ್ನುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ. ಎಷ್ಟು ವೋಲ್ಟ್ ಇತ್ತು?

ಆ ಕಡೆಯಿಂದ ಒಂದು ಸಂಖ್ಯೆ ಬಂದರೆ ನೀವು ಮೆಕ್ಯಾನಿಕ್ ಜೊತೆ ಮಾತಾಡುತ್ತಿದ್ದೀರಿ. ಮೌನ ಬಂದರೆ, ಗಾಡಿ ವಾಪಸ್ ತನ್ನಿ.